ದನಿ ಇಲ್ಲದ ಪೆಟ್ಟಿಗೆ

"ಒಮ್ಮೆರೆ ನಿನ್ನ ಹಾಡು ಮೊದಲಿಂದ ಕಡೀತನಕ ಕೇಳತೇನವ್ವಾ, ಕಣ್ಣು ಮುಚ್ಚಂಗಿಲ್ಲ. ಈ ವಿಭೂತಿ ಆಣಿ" ಎಂದು ಶಂಕರಲಿಂಗ ಮಗಳಿಗೆ ಮಾತು ಕೊಟ್ಟಾಗ ಅವಳು ಮೂರನೆಯ ಇಯತ್ತೆಯಲ್ಲಿದ್ದಳು. ಹಿಂದಿನ ದಿನ ಶಾಲೆಯ ಗ್ಯಾದರಿಂಗಿನಲ್ಲಿ ಮನಾಲಿ ಹಾಡುತ್ತಿರುವಾಗ ಅಪ್ಪ ಮುಂದಿನ ಸಾಲಿನಲ್ಲೇ ಕೂತು ಗೊರಕೆ ಹೊಡೆದಿದ್ದ. ಅರ್ಧ ಕೊರೋಚಿ ಊರೇ ಅಲ್ಲಿತ್ತು, ನೆರೆದವರೆಲ್ಲ ನಕ್ಕರು. ಹುಡುಗಿ ಹಾಡನ್ನು ನಡುವೆಯೇ ಬಿಟ್ಟು ಕೆಳಗಿಳಿದಳು.

ಆಮೇಲೆ ಅವಳು ಎಲ್ಲೂ ಹಾಡಲಿಲ್ಲ. ಹಾಡೇ ಇಲ್ಲವೆಂದ ಮೇಲೆ ಕೊಟ್ಟ ಮಾತು ನಡೆಸುವುದಾದರೂ ಹೇಗೆ? ಸಾಲದ ಹಾಗೆ ಅದು ಶಂಕರಲಿಂಗನ ಮೈಮೇಲೆ ಉಳಿದೇ ಹೋಯಿತು.

ತಪ್ಪು ಪೂರ್ತಿ ಅವನದೂ ಅಲ್ಲ. ಯಂತ್ರಮಗ್ಗದವರ ನಿದ್ದೆಯ ರೀತಿಯೇ ಬೇರೆ. ಮಗ್ಗಗಳು ಖಟಾಖಟ್ ಓಡುತ್ತಿರುವಾಗ ಶೆಡ್ಡಿನ ಕಂಬಕ್ಕೆ ಒರಗಿದರೆ ಸಾಕು, ಕಣ್ಣು ಮುಚ್ಚುತ್ತದೆ. ಲಾಳಿಯ ನೂಲು ಮುಗಿದು ಒಂದೇ ಒಂದು ಮಗ್ಗ ನಿಂತರೂ ಸಾಕು, ಎಚ್ಚರಾಗುತ್ತದೆ. ಎದ್ದು, ಹೊಸ ಲಾಳಿ ಹಾಕಿ, ಮಗ್ಗ ಓಡಿಸಿ, ಮತ್ತೆ ಕಂಬಕ್ಕೆ ಒರಗುವುದು. ವಾರದ ಸೂಟಿಯ ದಿನ ಅವನು ಮನೆಯಲ್ಲಿ ಹೊರಳಾಡುವುದನ್ನು ನೋಡಿ ಹೆಂಡತಿ ಉಜ್ವಲಾ ಚುಚ್ಚುತ್ತಿದ್ದಳು: "ಏನ್ರೀ, ಗದ್ದಲ ಕಡಿಮಿ ಬಿತ್ತೇನು? ಭಾಂಡಿ ಬಡೀಲೇನು?"

ಮನಾಲಿ ಕಾಲೇಜು ಮುಗಿಸುವ ವರ್ಷ ಮನೆಗೊಂದು ಪೆಟ್ಟಿಗೆ ತಂದಳು. ಗಡಹಿಂಗ್ಲಜದ ಕಡೆಯ ಯಾವುದೋ ಡಿಜೆ ಪಾರ್ಟಿ ಮುರಿದು ಮಾರಿಕೊಂಡ ಮಾಲು. ಮೇಲೆ ಸಾಲು ಸಾಲು ರಬ್ಬರಿನ ಪ್ಯಾಡು, ಅದರ ಮೇಲುಗಡೆ ತಿರುಗಿಸುವ ನಾಬು. ಒಂದು ನಾಬಿನ ಟೊಪ್ಪಿಗೆ ಕಳಚಿ ಹೋಗಿತ್ತು.

ಶಂಕರಲಿಂಗ ಹತ್ತಿ ಮೆತ್ತಿದ ಬೆರಳಿನಿಂದ ಒಂದು ಪ್ಯಾಡು ಒತ್ತಿದ. ಸದ್ದಿಲ್ಲ. ಇನ್ನೊಂದನ್ನು ಗುದ್ದಿದ.

"ಯಾರೋ ಟೋಪಿ ಹಾಕ್ಯಾರ ನಿನಗ. ಇದರಾಗ ದನೀನ ಇಲ್ಲ."

"ದನಿ ಲ್ಯಾಪ್‌ಟಾಪಿನಾಗ ಇರತೈತಪ್ಪಾ. ಇದು ಬರೇ ಹೇಳತೈತಿ, ಯಾವಾಗ ಬಾರಸೂದು, ಎಷ್ಟು ಜೋರ ಬಾರಸೂದು ಅಂತ."

"ಅಂದ್ರ ಇದು ನಮ್ಮ ಮುಕಾದಮ. ತಾ ಏನೂ ಮಾಡಂಗಿಲ್ಲ, ಮಂದಿ ಕಡಿಂದ ಮಾಡಸ್ತೈತಿ."

ಮನಾಲಿ ಬಹಳ ದಿನಗಳ ಮೇಲೆ ಅಪ್ಪನ ಮಾತಿಗೆ ನಕ್ಕಳು. "ಹೌದು. ಆದ್ರ ನಿಮ್ಮ ಮುಕಾದಮ ನನ್ನ ಮಾತು ಕೇಳೂದಿಲ್ಲ, ಇದು ಕೇಳತೈತಿ."

"ಮೌಸ್‌ಲೆ ಮಾಡಾಕ ಬರೂದಿಲ್ಲೇನು?"

"ಬರತೈತಿ. ಆದ್ರ ಕೈಗೆ ಏನೂ ಗೊತ್ತಾಗೂದಿಲ್ಲ."

ಇದು ಅವನಿಗೆ ತಟ್ಟನೆ ತಿಳಿಯಿತು. ಕೈಗೆ ಗೊತ್ತಾಗದ ಕೆಲಸವನ್ನು ಅವನೂ ನಂಬುತ್ತಿರಲಿಲ್ಲ.

ಆಮೇಲೆ ಅವಳು ದಿನಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಪ್ಯಾಡು ಬಡಿಯುತ್ತಿದ್ದಳು. ಹೊರಗೆ ಕೇಳಿಸುತ್ತಿದ್ದುದು ಬೆರಳಿನ ಟಪಟಪ ಮಾತ್ರ. ಒಂದು ದಿನ ಶೆಡ್ಡಿಗೆ ಊಟದ ಡಬ್ಬಿ ತಂದವಳು ಮೂಲೆಯ ಮಗ್ಗದ ಮುಂದೆ ಮೊಬೈಲು ಹಿಡಿದು ನಿಂತಿದ್ದಳು. ಫೋಟೋ ತೆಗೆಯುತ್ತಿದ್ದಾಳೆ ಅಂದುಕೊಂಡ ಶಂಕರಲಿಂಗ ತಲೆಯ ಮೇಲಿನ ಹತ್ತಿ ಕೊಡವಿಕೊಂಡ.

ಕೊನೆಗೆ ಕೊಲ್ಹಾಪುರದ ಒಂದು ಸಣ್ಣ ಸಭಾಗೃಹದಲ್ಲಿ ಅವಳ ಕಾರ್ಯಕ್ರಮ ನಿಗದಿಯಾಯಿತು. ಭಾನುವಾರ ಬೆಳಿಗ್ಗೆ.

"ನೀ ಬರಬೇಕಪ್ಪಾ. ಆಣಿ ನೆಪ್ಪೈತಿಲ್ಲ?"

"ನೆಪ್ಪೈತಿ."

ಆದರೆ ಅವನ ಜೋಡಿಯ ಕೆಲಸಗಾರ ದತ್ತಾ ಉದಗಾಂವಿಗೆ ಹೋದವನು ತಿರುಗಿ ಬರಲಿಲ್ಲ. ರಾತ್ರಿ ಪಾಳಿ ಮುಗಿಸಿಕೊಟ್ಟರೆ ಮಾತ್ರ ಹಗಲು ಸೂಟಿ ಎಂದ ಮಾಲೀಕ. ಶಂಕರಲಿಂಗ ಪಾಳಿ ಮುಗಿಸಿ, ತಲೆಗೆ ತಣ್ಣೀರು ಹೊಯ್ದುಕೊಂಡು, ಕಣ್ಣಿನ ಕೆಳಗೆ ಬಾಮ್ ಹಚ್ಚಿಕೊಂಡ. ಉಜ್ವಲಾ ಅವನ ಜೇಬಿಗೆ ಒಂದು ಹಸಿಮೆಣಸಿನಕಾಯಿ ತುರುಕಿದಳು. "ತೂಕಡಿಕಿ ಬಂದ್ರ ಕಡೀರಿ. ಈ ಸಲ ಹುಡುಗಿ ಮಾರಿ ತಗ್ಗಸಬ್ಯಾಡ್ರಿ."

ಬಸ್ಸಿನಲ್ಲಿ ನಿದ್ದೆ ಬಂದೀತೆಂದು ಖಾಲಿ ಸೀಟಿದ್ದರೂ ನಿಂತೇ ಹೋದ.

ವೇದಿಕೆಯ ಮೇಲೆ ಮನಾಲಿ ಪೆಟ್ಟಿಗೆಯ ಮುಂದೆ ನಿಂತು ಮೊದಲ ಪ್ಯಾಡು ಒತ್ತಿದಳು. ಸ್ಪೀಕರಿನಲ್ಲಿ ಒಂದು ಮಗ್ಗ ಸುರುವಾಯಿತು. ಶಂಕರಲಿಂಗ ಬೆಚ್ಚಿಬಿದ್ದ. ಅವಳು ಇನ್ನೊಂದು ಒತ್ತಿದಳು. ಅದು ಅವನದೇ ಮೂಲೆಯ ಮಗ್ಗ, ಆ ಸಣ್ಣ ಕುಂಟು ಹೆಜ್ಜೆ ಬೇರೆ ಯಾವುದಕ್ಕೂ ಇರಲಿಲ್ಲ. ಮಗಳು ನಾಬು ತಿರುಗಿಸಿದಳು. ಶೆಡ್ಡಿನ ಬಾಗಿಲು ಮುಚ್ಚಿದ ಹಾಗೆ ಸದ್ದು ದೂರವಾಯಿತು, ಮತ್ತೆ ಬಾಗಿಲು ತೆರೆದ ಹಾಗೆ ಹತ್ತಿರ ಬಂತು. ನನ್ನ ಮಗಳು ನನ್ನ ಮಗ್ಗ ಓಡಿಸುತ್ತಿದ್ದಾಳೆ ಅಂದುಕೊಂಡ. ಎಲ್ಲ ಮಗ್ಗಗಳೂ ಒಟ್ಟಿಗೆ ಓಡತೊಡಗಿದವು, ಒಂದಕ್ಕೂ ನೂಲು ಮುಗಿಯುವ ಚಿಂತೆಯಿಲ್ಲ. ಬೆನ್ನು ತಾನಾಗಿಯೇ ಕುರ್ಚಿಗೆ ಒರಗಿತು.

ಮೂಲೆಯ ಮಗ್ಗ ನಿಂತಿತು.

ಶಂಕರಲಿಂಗ ಥಟ್ಟನೆ ಎದ್ದು ನಿಂತ. ಕೈ ಲಾಳಿಗಾಗಿ ತಡಕಾಡಿತು, ಜೇಬಿನ ಮೆಣಸಿನಕಾಯಿ ಬಂತು. ಪಕ್ಕದವನು ಏನಾಯಿತೋ ಎಂದು ಗಾಬರಿಯಾಗಿ "ಕಾಯ್ ಝಾಲಂ ಕಾಕಾ?" ಎಂದು ತೋಳು ಹಿಡಿದ. ವೇದಿಕೆಯ ಮೇಲೆ ಮಗಳು ಒಂದೊಂದೇ ಪ್ಯಾಡನ್ನು ಮತ್ತೆ ಒತ್ತುತ್ತಿದ್ದಳು, ಒಂದೊಂದೇ ಮಗ್ಗ ನಿಲ್ಲುತ್ತಿತ್ತು. ಕೊನೆಯದೂ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಮೆಣಸಿನಕಾಯಿ ಹಿಡಿದುಕೊಂಡೇ ಅವನೂ ತಟ್ಟಿದ.

ಹೊಗಳುವವರೆಲ್ಲ ಹೋದ ಮೇಲೆ ಹತ್ತಿರ ಹೋದ. ಅವಳು ವಾಯರು ಸುತ್ತುತ್ತಿದ್ದಳು.

"ಹೆಂಗಿತ್ತಪ್ಪಾ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅದಕ್ಕೂ ತ್ರಾಣ ಸಾಲಲಿಲ್ಲ. "ಮೂಲಿ ಮಗ್ಗ ಬಂತು ನೋಡು, ಅಲ್ಲೀತನಕ ಭಾಳ ಚಲೋ ಇತ್ತು."

"ಅದು ಸುರುವಿನಾಗ ಬರತೈತಿ."

"ಹೌದವ್ವಾ."

ಮನಾಲಿ ವಾಯರಿನ ಗಂಟು ಬಿಡಿಸಿ ಮತ್ತೆ ಸುತ್ತಿದಳು. "ನಡುವ ನಾ ಹಾಡೀನಿ. ಅವತ್ತ ಗ್ಯಾದರಿಂಗಿನಾಗ ಅರ್ಧಾ ಬಿಟ್ಟಿದ್ನೆಲ್ಲ, ಅದನ್ನ. ಪೂರ್ತಾ ಹಾಡಿದೆ."

ಶಂಕರಲಿಂಗ ವೇದಿಕೆಯ ಮೆಟ್ಟಿಲ ಮೇಲೆ ಕೂತ. "ಮೊಬೈಲಿನಾಗ ಯಾರರೆ ತಗೊಂಡಿರಬೇಕಲ್ಲ? ಮನ್ಯಾಗ ಹಾಕು, ಕೇಳತೇನಿ."

"ಕೈಲೆ ಬಾರಿಸಿದ್ದಪ್ಪಾ. ಅದು ಆಗಿ ಹೋತು." ಸಿಟ್ಟಿಲ್ಲದೆ, ದಣಿದವರ ಹಾಗೆ ಅಂದಳು: "ಮಗ್ಗ ನಿಂತ್ರ ಏಳತಿ. ನಾ ಹಾಡಿದ್ರ ಮಲಗತಿ."

ತಿರುಗಿ ಬರುವಾಗ ಬಸ್ಸಿನಲ್ಲಿ ಪೆಟ್ಟಿಗೆ ಅವನ ತೊಡೆಯ ಮೇಲಿತ್ತು. ಚೀಲದ ಹೊರಗಿನಿಂದಲೇ ಪ್ಯಾಡುಗಳು ಬೆರಳಿಗೆ ಸಿಗುತ್ತಿದ್ದವು. ಒಂದನ್ನು ಒತ್ತಿದ.

"ಮುಂದಿನ ಸಲ..." ಎಂದ.

"ಬ್ಯಾಡಪ್ಪಾ. ಮತ್ತ ಆಣಿ ಹಾಕಬ್ಯಾಡ."

ಮೊದಲಿಂದ ಕಡೆಯವರೆಗೆ ಕೇಳುತ್ತೇನೆ ಅಂದಿದ್ದ. ಕೇಳಲಿಲ್ಲ.