ತುಳಸಿಯ ಜಾಗ ತುಳಸಿಗೇ

ಪರದೇಶದ ಊರು ಸ್ನೊಕ್ವಾಲ್ಮಿಯ ಚಳಿಯಲ್ಲಿ ಕರಿಬೇವು ಬದುಕುವುದಿಲ್ಲ ಎಂದು ಕೌಸಲ್ಯಾಗೆ ಹತ್ತು ಜನ ಹೇಳಿದ್ದರು. ತುಳಸಿಯಂತೂ ಕಾರ್ತಿಕದ ಹೊತ್ತಿಗೆ ಕಡ್ಡಿಯಾಗುತ್ತದೆ ಎಂದು ಇನ್ನೂ ಹತ್ತು ಜನ ಹೇಳಿದ್ದರು. ಅವಳು ಯಾರ ಜೊತೆಗೂ ವಾದಕ್ಕಿಳಿಯಲಿಲ್ಲ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲ ಎನ್ನುವ ಮಾತು ಮನುಷ್ಯರಿಗೆ ಮಾತ್ರವೇನು, ಗಿಡಕ್ಕೂ ಅಲ್ಲವೇ ಎಂದುಕೊಂಡು ಸಸಿ ನೆಟ್ಟಳು.

ಅವಳ ಹಟ ನೋಡಿ ಗಂಡ ನಾಣಿ ಕೆಳಗಿನ ಕೋಣೆಯಲ್ಲಿ ಒಂದು ಟೆಂಟ್ ಕಟ್ಟಿಕೊಟ್ಟ. ಆಳೆತ್ತರದ ಕಪ್ಪು ಬಟ್ಟೆಯ ಗೂಡು. ಒಳಗೆಲ್ಲ ಬೆಳ್ಳಿಯಂತೆ ಹೊಳೆಯುವ ಹಾಳೆ, ಮೇಲೆ ಬಿಸಿಲಿನಂಥ ದೀಪ, ಗಾಳಿಯಾಡಲು ಒಂದು ಪುಟ್ಟ ಫ್ಯಾನು, ಬಾಗಿಲಿಗೆ ಉದ್ದನೆಯ ಜಿಪ್. ಹೊರಗೆ ಹಿಮ ಬೀಳುವಾಗಲೂ ಆ ಟೆಂಟಿನೊಳಗೆ ಅವಳ ತವರು ಪಿರಿಯಾಪಟ್ಟಣದ ಬೇಸಿಗೆ ಇರುತ್ತಿತ್ತು. ಸುತ್ತಲಿನ ನಮ್ಮವರು ಯಾರೇ ಬರಲಿ, ತಾವೇ ಹೋಗಿ ಜಿಪ್ ಎಳೆದು ಎರಡು ಎಸಳು ಕರಿಬೇವು ಮುರಿದುಕೊಳ್ಳುತ್ತಿದ್ದರು. ತುಳಸಿ ಹಬ್ಬವೂ ಅವಳ ಮನೆಯಲ್ಲೇ. ಪಂಚಾಂಗದಲ್ಲಿ ಹಬ್ಬ ಯಾವ ವಾರ ಬಿದ್ದರೂ ಇಲ್ಲಿಯವರು ಅದನ್ನು ಶನಿವಾರಕ್ಕೆ ಎಳೆದುಕೊಳ್ಳುತ್ತಾರೆ. ದೇವರೂ ಹೊಂದಿಕೊಂಡಿದ್ದಾನೆ.

ಎರಡು ಸಾವಿರದ ಹದಿನೆಂಟರ ಕಾರ್ತಿಕ. ಹಬ್ಬಕ್ಕೆ ಎರಡು ದಿನ ಇರುವಾಗ ನೀರು ಹಾಕಲು ಕೆಳಗಿಳಿದ ಕೌಸಲ್ಯಾ ಮೆಟ್ಟಿಲಲ್ಲೇ ನಿಂತಳು. ಅವಳ ಕುಂಡಗಳೆಲ್ಲ ತಣ್ಣನೆಯ ಕಿಟಕಿಯ ಪಕ್ಕ ಸಾಲಾಗಿ ಕೂತಿದ್ದವು. ಕರಿಬೇವು ಎಲೆ ಉದುರಿಸಿತ್ತು. ತುಳಸಿ ತಲೆ ಬಾಗಿಸಿ ಕಪ್ಪಾಗಿತ್ತು, ಬುಡದ ಹತ್ತಿರ ಒಂದೇ ಒಂದು ಕವಲು ಹಸಿರು ಉಳಿದಿತ್ತು. ಟೆಂಟು ತೊಳೆದು ಒರೆಸಿ ಖಾಲಿಯಾಗಿ, ಹೊಸ ನೆಂಟರಿಗೆ ಕಾಯುವ ಮನೆಯಂತೆ ನಿಂತಿತ್ತು.

ನಾಣಿ ಮುಚ್ಚಿಡಲಿಲ್ಲ. ಕೆನ್ಮೋರ್‌ನಲ್ಲಿರುವ ಗೆಳೆಯ ಸುರೇಶ್ ಶನಿವಾರ ನಾಲ್ಕು ಗಾಂಜಾ ಗಿಡ ತರುತ್ತಾನೆ, ಆಗಲೇ ಮೊಳಕಾಲುದ್ದ ಬೆಳೆದಿವೆ, ಹೂವಾಗುವವರೆಗೆ ಎರಡು ತಿಂಗಳು ನಮ್ಮಲ್ಲಿರಲಿ ಎಂದ. ಸುರೇಶನ ಅಪಾರ್ಟ್‌ಮೆಂಟಿನವರು ಮನೆ ನೋಡಲು ಬರುತ್ತಾರಂತೆ, ಅವನಿಗೆ ಇಡಲು ಜಾಗವಿಲ್ಲ. ಹೂ ಬಿಡಬೇಕಾದರೆ ಆ ಗಿಡಕ್ಕೆ ದಿನಕ್ಕೆ ಹನ್ನೆರಡು ತಾಸು ಕಗ್ಗತ್ತಲೆ ಬೇಕು, ಮಧ್ಯೆ ಯಾರೂ ಜಿಪ್ ಎಳೆಯಬಾರದು, ಹಾಗಾಗಿ ತುಳಸಿಗೂ ಕರಿಬೇವಿಗೂ ಈ ಚಳಿಗಾಲ ಒಳಗೆ ಜಾಗವಿಲ್ಲ. ಬೆಳೆದದ್ದರಲ್ಲಿ ಅರ್ಧ ನಾಣಿಗೆ. ವರ್ಷದಿಂದ ಸೊಂಟ ನೋವು ಅವನನ್ನು ನಿದ್ದೆ ಮಾಡಲು ಬಿಟ್ಟಿರಲಿಲ್ಲ. ಇದರ ಎಣ್ಣೆ ಹಚ್ಚಿದರೆ, ಇಲ್ಲವೇ ಒಂದೆರಡು ಸಲ ಸೇದಿದರೆ ಆರಾಮ ಸಿಗುತ್ತದೆ ಎಂದು ಸುರೇಶ ಹೇಳಿದ್ದ. ನಾಣಿ ಇನ್ನೂ ಮುಟ್ಟಿರಲಿಲ್ಲ.

ಕಾನೂನಿನ ಮಾತು ಬಂದಾಗ ನಾಣಿ ನಕ್ಕ. "ಹೈವೇ ಪಕ್ಕದಲ್ಲೇ ಅಂಗಡಿ ಇದೆ, ಕೌಸಲ್ಯಾ. ಬೋರ್ಡ್ ಹಾಕ್ಕೊಂಡು ಮಾರ್ತಾರೆ. ಜನ ಹಾಲು ತಗೊಳ್ಳೋ ಹಾಗೆ ಕ್ಯೂ ನಿಂತು ತಗೋತಾರೆ. ನೀನಿನ್ನೂ ಪಿರಿಯಾಪಟ್ಟಣದಲ್ಲೇ ಇದೀಯ."

ಪಿರಿಯಾಪಟ್ಟಣದ ಹೆಸರೆತ್ತಿದ್ದೇ ತಪ್ಪಾಯಿತು. ಕೌಸಲ್ಯಾಳ ಅಪ್ಪ ಹೊಗೆಸೊಪ್ಪು ಬೆಳೆಯುತ್ತಿದ್ದವರು. ಎಲೆ ಬೇಯಿಸುವ ಬ್ಯಾರನ್ನಿನ ಬಿಸಿಗೆ ಬೆನ್ನು ಕೊಟ್ಟು ಬೆಳೆದ ಮಗಳು ಅವಳು.

"ಹೌದು, ಅಲ್ಲೇ ಇದೀನಿ. ನಮ್ಮೂರಲ್ಲಿ ಬೀಡಿ ಸಿಗರೇಟು ಎಲ್ಲಿ ಸಿಗಲ್ಲ ಹೇಳಿ? ಪೆಟ್ಟಿಗೆ ಅಂಗಡೀಲಿ ಸಿಗುತ್ತೆ, ಕಾಪಿ ಹೋಟ್ಲಲ್ಲಿ ಸಿಗುತ್ತೆ. ಅಂಗಡೀಲಿ ಸಿಗುತ್ತೆ ಅಂತ ಲೈಸೆನ್ಸ್ ಇಲ್ದೆ ಬ್ಯಾರನ್ ಹಚ್ಚೋಕಾಯ್ತದಾ? ಮಾರೋ ಚೀಟಿ ಬೇರೆ, ಬೆಳೆಯೋ ಚೀಟಿ ಬೇರೆ. ಅಷ್ಟು ಓದಿದೀರಲ್ಲ, ಬೆಳೆಯೋ ಚೀಟಿ ಎಲ್ಲಿದೆ ತೋರಿಸಿ."

ನಾಣಿಯ ಬಳಿ ಚೀಟಿ ಇರಲಿಲ್ಲ. ಆದರೆ ಮಾತಿತ್ತು. ಅದು ಶಿವನಿಗೆ ಪ್ರಿಯವಾದ ಸೊಪ್ಪು, ನಮ್ಮೂರಿನ ಸಾಧುಗಳೆಲ್ಲ ಭಂಗಿ ಸೇದುತ್ತಿರಲಿಲ್ಲವೇ ಎಂದ.

"ಶಿವ ವಿಷಾನೂ ಕುಡಿದ," ಎಂದಳು ಕೌಸಲ್ಯಾ. "ಬಾತ್‌ರೂಮ್ ತೊಳೆಯೋದು ಅರ್ಧ ಬಾಟ್ಲಿ ಇದೆ, ತರ್ಲಾ?"

ಮಾತು ಅಲ್ಲಿಗೆ ನಿಂತಿತು. ಅವಳೂ ಕಾನೂನು ಓದಿದವಳಲ್ಲ, ಅವಳಲ್ಲಿದ್ದದ್ದು ಅನುಮಾನ ಮಾತ್ರ. ಆದರೆ ಮರುದಿನ ಸಂಜೆ ಎಂಟು ವರ್ಷದ ಮಗಳು ಮೈತ್ರಿ ಬಂದು ಸೊಂಟ ತಬ್ಬಿಕೊಂಡು ಒಂದು ಮಾತು ಕೇಳಿದಳು. ಟೆಂಟಿನಲ್ಲಿ ಏನಿದೆ ಎಂದು ಯಾರಾದರೂ ಕೇಳಿದರೆ ಟೊಮೇಟೊ ಅನ್ನಬೇಕು ಎಂದು ಅಪ್ಪ ಹೇಳಿಕೊಟ್ಟಿದ್ದ. "ಅಮ್ಮಾ, ಈಸ್ ಇಟ್ ಲೈಯಿಂಗ್ ಇಫ್ ಅಪ್ಪ ಸೇಸ್ ಇಟ್ಸ್ ಓಕೆ?"

ಸುಳ್ಳಿಗೂ ಅಪ್ಪನ ಅಪ್ಪಣೆ ಸಿಗುತ್ತದೆಯೇ ಎಂದು ಮಗು ಕೇಳುತ್ತಿತ್ತು. ಕೌಸಲ್ಯಾ ಮಗಳ ತಲೆ ಸವರಿದಳು. ಒಳಗೆ ಹೋಗಿ ದೇವರಿಗೆ ಕೈ ಮುಗಿದಳು. ಆಮೇಲೆ ಯಾಮಿನಿಗೆ ಕಾಲ್ ಮಾಡಿದಳು.

ಯಾಮಿನಿ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಶನಿವಾರದ ಭಜನೆಯಲ್ಲಿ ತಾಳ ತಪ್ಪದ ಹೆಂಗಸು, ಊರಿನ ಅರ್ಧ ಜನಕ್ಕೆ ಅಕ್ಕ. ಹಬ್ಬದ ಬೆಳಿಗ್ಗೆ ಹತ್ತಕ್ಕೇ ಬಂದಳು. ಇಲ್ಲಿ ನೆಲ್ಲಿಯ ಕೊಂಬೆ ಎಲ್ಲಿ ಸಿಗಬೇಕು, ಕೈಯಲ್ಲಿ ಫ್ರೋಜನ್ ನೆಲ್ಲಿಕಾಯಿಯ ಪೊಟ್ಟಣವಿತ್ತು. ಅದನ್ನು ಬಿಸಿನೀರಿಗೆ ಹಾಕಿ, ಕಾಫಿ ಲೋಟ ಹಿಡಿದು, ನಾಣಿಯನ್ನು ಅಡುಗೆಮನೆಗೇ ಕರೆಸಿದಳು. ಬೈಯಲಿಲ್ಲ. ಮೊದಲು ಸೊಂಟ ಹೇಗಿದೆ ಎಂದು ಕೇಳಿದಳು.

ಆಮೇಲೆ ಒಂದೊಂದಾಗಿ ಬಿಡಿಸಿ ಹೇಳಿದಳು. ಈ ರಾಜ್ಯದಲ್ಲಿ ಇಪ್ಪತ್ತೊಂದು ವರ್ಷ ದಾಟಿದವರಿಗೆ ಲೈಸೆನ್ಸ್ ಇರುವ ಅಂಗಡಿ ಗಾಂಜಾ ಮಾರಬಹುದು, ನಿಜ. ಆದರೆ ಖುಷಿಗಾಗಿ ಮನೆಯಲ್ಲಿ ಬೆಳೆಯಲು ರಾಜ್ಯ ಬಿಟ್ಟಿಲ್ಲ. ಕಾಯಿಲೆಗೆಂದು ವೈದ್ಯರಿಂದ ಅನುಮತಿ ಪತ್ರ ಪಡೆದ ರೋಗಿಗಳಿಗೆ ಮಾತ್ರ ಕೆಲವೇ ಗಿಡಗಳ ಅವಕಾಶವಿದೆ. ಅದೂ ರಾಜ್ಯದ ಮಾತು. ಇಡೀ ದೇಶದ ಕಾನೂನಿನಲ್ಲಿ ಗಾಂಜಾ ಇವತ್ತಿಗೂ ನಿಷಿದ್ಧ. ವೀಸಾ, ಗ್ರೀನ್ ಕಾರ್ಡ್ ಕೊಡುವವರು ರಾಜ್ಯದ ಪುಸ್ತಕ ನೋಡುವುದಿಲ್ಲ, ದೇಶದ ಪುಸ್ತಕ ನೋಡುತ್ತಾರೆ.

ಗಿಡ ಸುರೇಶನದು, ನನ್ನದಲ್ಲವಲ್ಲ ಎಂದ ನಾಣಿ.

"ಮನೆ ನಿಂದು, ದೀಪ ನಿಂದು, ಕರೆಂಟ್ ನಿಂದು," ಎಂದಳು ಯಾಮಿನಿ. "ಗಿಡ ಮಾತ್ರ ಅವನದು ಅಂದ್ರೆ ಯಾರು ನಂಬ್ತಾರಪ್ಪ?"

"ಯಾರು ಬಂದು ನೋಡ್ತಾರೆ ಅಕ್ಕ? ನಮ್ಮನೆ ಒಳಗಿನ ಕೋಣೆ."

"ಯಾರೂ ನೋಡದೇ ಇರಬಹುದು. ಆದ್ರೆ ಮುಂದಿನ ತಿಂಗಳು ಟಕ್ವಿಲಾದ ವಲಸೆ ಆಫೀಸಿಗೆ ಹೋಗ್ತೀರಲ್ಲ, ಅಲ್ಲಿ ಬಲಗೈ ಎತ್ತಿಸಿ ಕೇಳ್ತಾರೆ. ನೀನೇ ತುಂಬಿದ ಅರ್ಜಿ. ಹೋಗಿ ಓದು."

ಗ್ರೀನ್ ಕಾರ್ಡಿನ ಸಂದರ್ಶನ ಅದು. ಆ ಒಂದು ಪತ್ರಕ್ಕಾಗಿ ಅವರು ಒಂಬತ್ತು ವರ್ಷ ಕಾದಿದ್ದರು. ನಾಣಿ ಫೈಲ್ ತಂದು ಹಾಳೆ ಮಗುಚಿದ. ಸಾಲು ಸಾಲು ಪ್ರಶ್ನೆಗಳು. ಎಲ್ಲಕ್ಕೂ ಓದದೆಯೇ 'ಇಲ್ಲ' ಎಂದು ಗುರುತು ಹಾಕಿದ್ದ. ಅವುಗಳ ನಡುವೆ ಅದೂ ಇತ್ತು: ಯಾವುದೇ ರಾಜ್ಯದ ಅಥವಾ ದೇಶದ ಮಾದಕ ವಸ್ತುವಿನ ಕಾನೂನನ್ನು ಎಂದಾದರೂ ಮುರಿದಿದ್ದೀರಾ?

ಅವನು ಬೆರಳಿಟ್ಟು ಎರಡು ಸಲ ಓದಿದ. ಆದರೂ ಗಂಡಸಿನ ಹಟ ಒಂದೇ ಏಟಿಗೆ ಬೀಳುವುದಿಲ್ಲ. ಇಲ್ಲ ಅಂದರಾಯಿತು ಬಿಡು ಎಂದು ಗೊಣಗಿದ.

ಕೌಸಲ್ಯಾ ಒಲೆ ಆರಿಸಿ ಅವನ ಎದುರಿಗೆ ಬಂದು ನಿಂತಳು. ದನಿ ಏರಿಸಲಿಲ್ಲ.

"ನೀವು ಅಂತೀರೇನೋ. ನಾನೂ ಅಲ್ಲಿ ಕೈ ಎತ್ತಬೇಕು. ಕೈ ಎತ್ತಿ, ದೇವರನ್ನ ನೆನೆಸ್ಕೊಂಡು ಸುಳ್ಳು ಹೇಳು ಅಂದ್ರೆ ನನ್ ಕೈಲಾಗಲ್ಲ. ಆ ಗಿಡ ಈ ಮನೇಲಿ ಒಂದು ದಿನ ಇದ್ರೂ ನಾನು ಹೌದು ಅಂತೀನಿ. ಒಂಬತ್ತು ವರ್ಷ ಹೋಗ್ಲಿ, ಮನೆ ಹೋಗ್ಲಿ, ಮೈತ್ರಿ ಸ್ಕೂಲು ಹೋಗ್ಲಿ. ಹೌದು ಅಂತೀನಿ. ಈಗ ನಿಮ್ಮಿಷ್ಟ."

ಯಾಮಿನಿ ಕಾಫಿ ಲೋಟ ಕೆಳಗಿಟ್ಟಳು. ನಾಣಿಗೆ ಹೆಂಡತಿಯ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಇವಳು ಅನ್ನುತ್ತಾಳೆ. ಇಂಥ ಚಳಿಯಲ್ಲಿ ಕರಿಬೇವು ಬದುಕಿಸಿದವಳು.

ಅಷ್ಟರಲ್ಲಿ ಹೊರಗೆ ಕಾರು ನಿಂತಿತು.

ಬಾಗಿಲ ಮುಂದಿನ ಸೂರಿನ ಕೆಳಗೆ ಕೌಸಲ್ಯಾ ಬೆಳಿಗ್ಗೆಯೇ ರಂಗೋಲಿ ಹಾಕಿದ್ದಳು. ಸುರೇಶ ಹಳೆಯ ಕಂಬಳಿ ಮುಚ್ಚಿದ ಉದ್ದನೆಯ ಪೆಟ್ಟಿಗೆ ಹೊತ್ತು ಮಳೆಯಲ್ಲಿ ಓಡಿ ಬಂದ. ಕಂಬಳಿಯ ಅಂಚಿನಲ್ಲಿ ಏಳು ಬೆರಳಿನಂಥ ಎಲೆಯೊಂದು ಇಣುಕುತ್ತಿತ್ತು, ಗಾಟು ವಾಸನೆ ಅವನಿಗಿಂತ ಮೊದಲೇ ಬಂದಿತ್ತು. ಕೌಸಲ್ಯಾ ಹೊಸಿಲಿನ ಮೇಲೆ ನಿಂತಿದ್ದಳು, ಎರಡೂ ಕೈ ಬಾಗಿಲ ಚೌಕಟ್ಟಿಗೆ.

"ರಂಗೋಲಿ ದಾಟಬೇಡಿ, ಸುರೇಶ್."

ಸುರೇಶ ನಗಲು ನೋಡಿದ. ನಾಣಿ ಒಪ್ಪಿದ್ದಾನೆ ಅತ್ತಿಗೆ, ಕೇಳಿ ನೋಡಿ ಎಂದ. ಎರಡೇ ತಿಂಗಳು ಎಂದ. ಕೊನೆಗೆ ಸ್ವಲ್ಪ ಚುಚ್ಚಿ, ಇಷ್ಟಕ್ಕೆಲ್ಲ ಹೆದರಿದರೆ ಈ ದೇಶದಲ್ಲಿ ಬಾಳಲಾಗುವುದಿಲ್ಲ, ನನ್ನನ್ನು ನೋಡಿ, ನಾನು ಹೆದರುತ್ತೇನೆಯೇ ಎಂದ.

"ನಿಮ್ಮ ಜೇಬಲ್ಲಿ ಈ ದೇಶದ ಪಾಸ್‌ಪೋರ್ಟ್ ಇದೆ," ಎಂದಳು ಕೌಸಲ್ಯಾ. "ನಿಮ್ಮ ಧೈರ್ಯದ ಬೆಲೆ ನಾವು ಕೊಡಬೇಕಾ? ಅಷ್ಟು ಧೈರ್ಯ ಇದ್ರೆ ನಿಮ್ಮ ಅಪಾರ್ಟ್‌ಮೆಂಟಿನವರು ನೋಡೋಕೆ ಬಂದಾಗ ಗಿಡ ಹಾಲ್‌ನಲ್ಲೇ ಇಟ್ಟಿರಿ. ನಾನೇ ಬಂದು ಆರತಿ ಮಾಡ್ತೀನಿ."

ಸುರೇಶನ ಕಣ್ಣು ಅವಳ ಹಿಂದೆ ನಾಣಿಯನ್ನು ಹುಡುಕಿತು. ನಾಣಿ ಬಂದ. ಕೈಯಲ್ಲಿ ಅರ್ಜಿಯ ಹಾಳೆ ಇನ್ನೂ ಇತ್ತು. ಹೆಂಡತಿಯನ್ನು ಪಕ್ಕಕ್ಕೆ ಸರಿಸಲಿಲ್ಲ, ಅವಳ ಪಕ್ಕದಲ್ಲಿ ನಿಂತ.

"ತಗೊಂಡು ಹೋಗು ಮಾರಾಯ," ಎಂದ. "ತಪ್ಪು ನಂದು. ಓದದೆ ಒಪ್ಪಿಕೊಂಡಿದ್ದೆ."

ಪಾಸ್‌ಪೋರ್ಟ್ ಇದ್ದವರಿಗೂ ಚೀಟಿ ಇಲ್ಲದೆ ಬೆಳೆದರೆ ಕೇಸ್ ಆಗುತ್ತದೆ, ಅದನ್ನೂ ತಿಳಿದುಕೋ ಎಂದು ಯಾಮಿನಿ ಒಳಗಿಂದಲೇ ಹೇಳಿದಳು. ಸುರೇಶ ಪೆಟ್ಟಿಗೆ ಎತ್ತಿಕೊಂಡು ಹೋದ. ಆ ವರ್ಷ ಹಬ್ಬದ ಊಟಕ್ಕೆ ಬರಲಿಲ್ಲ. ಅದಕ್ಕೆ ಕೌಸಲ್ಯಾಗೆ ಬೇಸರವಾಯಿತು, ಪಶ್ಚಾತ್ತಾಪವಾಗಲಿಲ್ಲ.

ನಾಣಿ ತಾನೇ ಕೆಳಗಿಳಿದು ದೀಪದ ಟೈಮರ್ ಮೊದಲಿನಂತೆ ತಿರುಗಿಸಿದ. ಕುಂಡಗಳನ್ನು ಒಂದೊಂದಾಗಿ ಒಳಗಿಟ್ಟ. ಸಂಜೆ ಹೆಂಗಸರೆಲ್ಲ ಬಂದಾಗ ತುಳಸಿಯಲ್ಲಿ ಒಂದು ಹಸಿರು ಕವಲು ಬಿಟ್ಟು ಏನೂ ಇರಲಿಲ್ಲ. ಯಾರೋ ಅಂಗಡಿಯ ಪ್ಲಾಸ್ಟಿಕ್ ತುಳಸಿ ಇಡೋಣವೇ ಎಂದರು. ಕೌಸಲ್ಯಾ ಒಪ್ಪಲಿಲ್ಲ. ಒಂದೇ ಕವಲಿಗೆ ಅರಿಶಿನ ಕುಂಕುಮ ಹಚ್ಚಿ, ಕರಗಿದ ನೆಲ್ಲಿಕಾಯಿ ಪಕ್ಕದಲ್ಲಿಟ್ಟು, ಪೂರ್ತಿ ಹಬ್ಬ ಮಾಡಿದಳು. ಆರತಿ ಹಿಡಿದ ಮೈತ್ರಿಯ ಹತ್ತಿರ ನಾಣಿ ಬಗ್ಗಿ, ಟೊಮೇಟೊ ಮಾತು ವಾಪಸ್ ತಗೊಂಡಿದೀನಿ ಪುಟ್ಟಿ, ಅದು ಲೈಯಿಂಗೇ ಎಂದ.

ಸೋಮವಾರ ಅವನು ವಲಸೆ ವಕೀಲರಿಗೆ ಕಾಲ್ ಮಾಡಿ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದ. ಸೊಂಟಕ್ಕೆ ಯಾಮಿನಿ ಹೇಳಿದ ವೈದ್ಯರ ಬಳಿ ಹೋದ. ಅವರು ಕಲಿಸಿದ ವ್ಯಾಯಾಮವನ್ನು ಶಪಿಸುತ್ತಲೇ ಮಾಡಿದ. ನೋವು ಪೂರ್ತಿ ಹೋಗಲಿಲ್ಲ, ನಿದ್ದೆ ಮಾತ್ರ ಬಂತು.

ಡಿಸೆಂಬರಿನಲ್ಲಿ ಟಕ್ವಿಲಾದ ಆ ಪುಟ್ಟ ಕೋಣೆಯಲ್ಲಿ ಇಬ್ಬರೂ ಬಲಗೈ ಎತ್ತಿದರು. ಅಧಿಕಾರಿ ಒಂದೊಂದೇ ಪ್ರಶ್ನೆ ಓದುತ್ತಾ ಹೋದರು. ಆ ಪ್ರಶ್ನೆಯೂ ಬಂತು. ಕೌಸಲ್ಯಾ ಅಧಿಕಾರಿಯ ಕಣ್ಣು ನೋಡಿಕೊಂಡೇ 'ಇಲ್ಲ' ಎಂದಳು. ಸತ್ಯ ಹೇಳುವವರಿಗೆ ನೆನಪಿಟ್ಟುಕೊಳ್ಳುವ ಕೆಲಸವಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈ ಮಾತು ನಿಮಗೇ. ಅಂಗಡಿಯಲ್ಲಿ ಸಿಕ್ಕಿದ್ದೆಲ್ಲ ಮನೆಯಲ್ಲಿ ಬೆಳೆಯುವಂಥದ್ದಲ್ಲ. ನೀವು ವೀಸಾದಲ್ಲಿರಲಿ, ಗ್ರೀನ್ ಕಾರ್ಡಿನಲ್ಲಿರಲಿ, ಗಾಂಜಾ ಬೆಳೆಯಬೇಡಿ, ಕೊಳ್ಳಬೇಡಿ, ಬೇರೆಯವರದ್ದನ್ನು ಎರಡು ದಿನಕ್ಕೆಂದು ಮನೆಯಲ್ಲಿ ಇಟ್ಟುಕೊಳ್ಳಲೂ ಬೇಡಿ. ನೋವಿದ್ದರೆ ಗೆಳೆಯನನ್ನಲ್ಲ, ವೈದ್ಯರನ್ನು ಕೇಳಿ. ಈಗಾಗಲೇ ಬೆಳೆದು ಅಥವಾ ಬಳಸಿಬಿಟ್ಟಿದ್ದರೆ ಅರ್ಜಿ ಹಾಕುವ ಮುನ್ನ, ಗಡಿ ದಾಟುವ ಮುನ್ನ, ವಲಸೆ ವಕೀಲರ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿ. ಹೆದರುಪುಕ್ಕಲು ಅಂದಾರು, ಹಳ್ಳಿಯವಳು ಅಂದಾರು. ಅನ್ನಲಿ. ಬೇಡ ಅನ್ನುವುದಕ್ಕೂ ಎದೆ ಬೇಕು, ಅದನ್ನು ಹೊಸಿಲಲ್ಲೇ ಅನ್ನಿ.

ಆ ಒಂದು ಕವಲು ಯುಗಾದಿಯ ಹೊತ್ತಿಗೆ ಪೊದೆಯಾಯಿತು. ಸಸಿ ಬೇಕಾದವರು ಕೌಸಲ್ಯಾಳ ಮನೆಗೆ ಬನ್ನಿ. ಅವಳ ಟೆಂಟಿನ ಜಿಪ್ ಯಾರು ಎಳೆದರೂ ತೆರೆಯುತ್ತದೆ.