ಸಾರಿಸಿದ ಗೂಡು

ಹದಿನೆಂಟು ಕೋಳಿಗಳಲ್ಲಿ ಹದಿನೇಳು ನಾಲ್ಕೇ ದಿನಗಳಲ್ಲಿ ಹೋದವು. ಕುತ್ತಿಗೆ ತಿರುಚಿಕೊಂಡು, ಹಸಿರು ಹಿಕ್ಕೆ ಹಾಕಿ, ಒಂದರ ಹಿಂದೆ ಒಂದು. ರೇಣವ್ವ ಅವನ್ನು ಹೊಲದ ಬದುವಿನಾಚೆ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂತು ಬಂದಳು. ಉಳಿದದ್ದು ಚುಕ್ಕಿ ಹೇಂಟೆ ಒಂದೇ. ರೋಗ ಬಂದಾಗ ಅದು ಮನೆಯೊಳಗೆ, ಅಡುಗೆಮನೆಯ ಮೂಲೆಯ ಬುಟ್ಟಿಯಲ್ಲಿ, ಹನ್ನೊಂದು ಮೊಟ್ಟೆಗಳ ಮೇಲೆ ಕಾವಿಗೆ ಕೂತಿತ್ತು. ಹಿತ್ತಲಿನ ಗೂಡಿಗೂ ಅದಕ್ಕೂ ನಡುವೆ ಎರಡು ಗೋಡೆಗಳಿದ್ದವು. ಅಷ್ಟೇ ಅದರ ಪುಣ್ಯ.

ಆ ಹೇಂಟೆಯ ಮುತ್ತಜ್ಜಿಯ ಮುತ್ತಜ್ಜಿ ಹುನಗುಂದದ ಕಡೆಯಿಂದ ಶಿರೂರಿಗೆ ಬಂದಿತ್ತು. ಮೊದಲ ಬಾಣಂತನ ಮುಗಿಸಿ ರೇಣವ್ವ ಗಂಡನ ಮನೆಗೆ ಹೊರಟಾಗ ಅವಳ ತಾಯಿ ಕಾಲು ಕಟ್ಟಿದ ಒಂದು ಚುಕ್ಕಿ ಕೋಳಿಯನ್ನು ಮಡಿಲಲ್ಲಿಟ್ಟಿದ್ದಳು. ಮೂವತ್ತೊಂದು ವರ್ಷವಾಯಿತು. ತಾಯಿ ಹೋದಳು. ತವರಿನಲ್ಲಿ ಈಗ ಕೋಳಿ ಸಾಕುವವರಿಲ್ಲ. ಹೋಗಿ ಕೇಳಿದರೂ ಕೊಡಲು ಅಲ್ಲಿ ಏನೂ ಇಲ್ಲ. ಈ ಹನ್ನೊಂದು ಮೊಟ್ಟೆ ಒಡೆದು ಮರಿಯಾದರೆ ತಳಿ ಉಂಟು, ಇಲ್ಲವಾದರೆ ಇಲ್ಲ.

ಕಾವಿಗೆ ಕೂತ ಹದಿನಾಲ್ಕನೇ ದಿನ ಸುರೇಖಾ ಬಂದಳು. ಮನೆಮನೆಗೆ ತಿರುಗಿ ದನ, ಕುರಿ, ಕೋಳಿಗಳ ಆರೈಕೆ ಹೇಳಿಕೊಡುವ ಪಶು ಸಖಿ ಅವಳು. ಚೀಲದಿಂದ ಒಂದು ಬಾಟಲಿ ತೆಗೆದು ಕಟ್ಟೆಯ ಮೇಲಿಟ್ಟಳು.

“ಕಾಕಿ, ಇದು ಗೂಡಿಗೆ ಹೊಡಿಯೋ ಔಷಧ. ಆದ್ರ ಸುಮ್ಮನ ಹೊಡದ್ರ ಏನೂ ಆಗಂಗಿಲ್ಲ. ಮೊದಲ ಹಿಕ್ಕಿ ಎಲ್ಲಾ ಕೆರದು ತಗೀಬೇಕು. ಸೋಪಿನ ನೀರು ಹಾಕಿ ತಿಕ್ಕಬೇಕು. ತೊಳದು ಒಣಗಿಸಬೇಕು. ಆಮ್ಯಾಲೆ ಔಷಧ. ಹೊಲಸಿನ ಮ್ಯಾಲೆ ಹಾಕಿದ್ರ ಔಷಧ ಹೊಲಸಿನ ಕೂಡ ಜಗಳಾಡಿ ಅಲ್ಲೇ ಸಾಯ್ತೈತಿ. ರೋಗ ಕೆಳಗ ಆರಾಮ ಮಲಗಿರ್ತೈತಿ.”

“ನಮ್ಮ ಮನಿ ಗಂಡಸರಂಗ ಅನ್ನು,” ಎಂದಳು ಶಿವಲಿಂಗವ್ವ. ಅವಳು ರೇಣವ್ವನ ಗಂಡ ಹುಲ್ಲಪ್ಪನ ಅಕ್ಕ. ಗಂಡ ತೀರಿದ ಮೇಲೆ ತಮ್ಮನ ಮನೆಯಲ್ಲೇ ಇದ್ದಾಳೆ. ಹುಲ್ಲಪ್ಪ ಇಳಕಲ್‌ನಲ್ಲಿ ಕಲ್ಲು ಪಾಲಿಶ್ ಮಾಡುವ ಕೆಲಸಕ್ಕೆ ಹೋಗಿ ವಾರಕ್ಕೊಮ್ಮೆ ಬರುವುದರಿಂದ ಮನೆಯಲ್ಲಿ ಇರುವವರು ಇವರಿಬ್ಬರೇ.

ಸುರೇಖಾ ನಕ್ಕು ಬಾಟಲಿಯ ಮೇಲಿನ ಬರಹವನ್ನು ಓದಿ ಹೇಳಿದಳು. ಎಷ್ಟು ನೀರಿಗೆ ಎಷ್ಟು ಮುಚ್ಚಳ ಎಂಬುದನ್ನು ಇದ್ದಿಲಿನಿಂದ ಗೋಡೆಯ ಮೇಲೆ ಗೆರೆ ಎಳೆದು ತೋರಿಸಿದಳು. “ಬಕೀಟಿಗೆ ಮೊದಲ ನೀರು, ಆಮ್ಯಾಲೆ ಔಷಧ. ಜಾಸ್ತಿ ಹಾಕಿದ್ರ ಜಾಸ್ತಿ ಗುಣ ಅಂತ ತಿಳೀಬ್ಯಾಡ್ರಿ. ಬ್ಲೀಚಿಂಗ್ ಪೌಡರ್, ಫಿನಾಯಿಲ್ ಯಾವುದೂ ಇದರಾಗ ಕೂಡಿಸಬ್ಯಾಡ್ರಿ. ಹೊಡದ ಮ್ಯಾಲೆ ಹತ್ತು ಮಿನಿಟು ಗೋಡಿ ಹಸೀನ ಇರಬೇಕು. ಬಾಟ್ಲಿ ಜ್ವಾಳದ ಹತ್ರ ಬ್ಯಾಡ, ಕೀಲಿ ಹಾಕಿ ಇಡ್ರಿ. ಕಲಸಿದ್ದು ಉಳದ್ರ ಇಟ್ಕೋಬ್ಯಾಡ್ರಿ, ಅವತ್ತಿಂದು ಅವತ್ತ ಮುಗಿಸಿಬಿಡ್ರಿ. ಗೂಡು ಒಣಗಿದ ಮ್ಯಾಲೂ ಖಾಲಿ ಇರ್ಲಿ. ನಾ ಬಂದು ನೋಡಿ ಹೇಳೂತನಕ ಮರಿ ಒಳಗ ಬಿಡಬ್ಯಾಡ್ರಿ.”

“ಇಷ್ಟು ನೇಮ ನಮ್ಮ ಬೀರಪ್ಪ ದೇವರೂ ಕೇಳಂಗಿಲ್ಲವ್ವಾ,” ಎಂದಳು ಶಿವಲಿಂಗವ್ವ.

ಮರುದಿನದಿಂದ ರೇಣವ್ವ ಗೂಡಿಗೆ ಇಳಿದಳು. ಗೂಡೆಂದರೆ ಹಿತ್ತಲ ಗೋಡೆಗೆ ಹೊಂದಿಸಿ ಕಟ್ಟಿದ, ಸೊಂಟದೆತ್ತರದ ಕಲ್ಲುಚಪ್ಪಡಿಯ ಮನೆ. ಬಾಗಿಯೇ ಒಳಗೆ ಹೋಗಬೇಕು, ಬಾಗಿಯೇ ಕೆರೆಯಬೇಕು. ವರ್ಷಗಳ ಹಿಕ್ಕೆ ಕಲ್ಲಿನ ಮೇಲೆ ಕಲ್ಲಾಗಿ ಕೂತಿತ್ತು. ಒಂದು ದಿನ ಕೆರೆಯುವುದರಲ್ಲೇ ಹೋಯಿತು. ಇನ್ನೊಂದು ದಿನ ತಿಕ್ಕಿ ತೊಳೆದಳು. ಅವರ ಓಣಿಗೆ ನಳದ ನೀರು ನಾಲ್ಕು ದಿನಕ್ಕೊಮ್ಮೆ. ತುಂಬಿಟ್ಟ ನೀರಲ್ಲಿ ಅರ್ಧ ಗೂಡಿಗೇ ಹೋಯಿತು. ರಾತ್ರಿ ರೊಟ್ಟಿ ಬಡಿಯಲು ಕೈ ಏಳಲಿಲ್ಲ. ಇಬ್ಬರೂ ಮಧ್ಯಾಹ್ನದ ನುಚ್ಚಿಗೆ ಮಜ್ಜಿಗೆ ಹಾಕಿಕೊಂಡು ಉಂಡರು.

ಮೂರನೇ ದಿನ ಬಿಸಿಲು ಏರಿದ ಮೇಲೆ ಔಷಧ ಹೊಡೆದಳು. ಕೈಗೆ ಸುರೇಖಾ ಕೊಟ್ಟ ಗ್ಲೌಸು, ಮೂಗಿಗೆ ಹಳೆಯ ಸೀರೆಯ ತುಂಡು. ಹತ್ತು ನಿಮಿಷ ಎಂದರೆ ಎಷ್ಟು ಹೊತ್ತು ಎಂದು ನೋಡಲು ಅವಳ ಬಳಿ ಗಡಿಯಾರವಿರಲಿಲ್ಲ. ಮೊಬೈಲನ್ನು ಗ್ಲೌಸಿನ ಕೈಯಲ್ಲಿ ಮುಟ್ಟುವಂತಿರಲಿಲ್ಲ. ಅವಳು ಬೀರಪ್ಪನ ಪದ ಹಿಡಿದಳು. ಚಿಕ್ಕಂದಿನಲ್ಲಿ ಅಪ್ಪನ ಡೊಳ್ಳಿನ ಹಿಂದೆ ಕೂತು ಕೇಳಿದ್ದು. ದೇವರು ಹುಟ್ಟುವಲ್ಲಿಂದ ಕಾಡಿನ ತೊಟ್ಟಿಲು ಸೇರುವವರೆಗೆ ನಿಧಾನವಾಗಿ ಹೇಳಿದರೆ ಹತ್ತು ನಿಮಿಷಕ್ಕೆ ಕಡಿಮೆಯಿಲ್ಲ ಎಂದು ಅವಳ ಲೆಕ್ಕ. ಗೋಡೆ ಒಣಗುತ್ತಿದೆ ಎನಿಸಿದಲ್ಲಿ ಮತ್ತೊಮ್ಮೆ ಹೊಡೆದು, ಪದವನ್ನು ಮತ್ತೆ ಮೊದಲಿನಿಂದ ಹೇಳಿದಳು.

ಮುಗಿದಾಗ ಬಕೆಟ್ಟಿನಲ್ಲಿ ಕಾಲುಭಾಗ ಉಳಿದಿತ್ತು. ಬಾಟಲಿಯನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು, ಕೀಲಿ ಹಾಕಿ, ಬಚ್ಚಲಿನ ಮೇಲಿನ ಹಲಗೆಗೆ ಏರಿಸಿದಳು. ಬಕೆಟ್ಟನ್ನು ಎತ್ತಿದಳು, ಚೆಲ್ಲಲು ಮನಸ್ಸಾಗಲಿಲ್ಲ. ಅದೂ ನೀರೇ. ನಾಳೆ ಬಾಗಿಲ ಹಲಗೆಗೆ ಇನ್ನೊಂದು ಸಲ ಹೊಡೆದರಾಯಿತು ಎಂದುಕೊಂಡು ಬಚ್ಚಲ ಗೋಡೆಯ ಹಿಂದೆ ಇಟ್ಟು, ಒಳಗೆ ಬಂದು ಉಣ್ಣದೇ ಮಲಗಿದಳು.

ಮರುದಿನ ಭಾರತ ಹುಣ್ಣಿಮೆ. ರೇಣವ್ವ ಹೋಳಿಗೆಗೆಂದು ಗೋಧಿ ಬೀಸಿಸಲು ಗಿರಣಿಗೆ ಹೋದಳು. ಹುಣ್ಣಿಮೆಯ ಗಿರಣಿ, ಸಾಲು ಉದ್ದವಿತ್ತು. ತಲೆಯ ಮೇಲೆ ಹಿಟ್ಟಿನ ಡಬ್ಬಿ ಹೊತ್ತು ಹಿಂದಿನ ಬಾಗಿಲಿಂದ ಬಂದವಳು ಅಲ್ಲೇ ನಿಂತಳು.

ಗೂಡಿನ ನೆಲ, ಒಳಗೋಡೆ ಎಲ್ಲ ಸೆಗಣಿಯಿಂದ ಸಾರಿಸಲಾಗಿತ್ತು. ಬೆರಳಿನ ಅರೆವೃತ್ತಗಳು ಒಂದರ ಪಕ್ಕ ಒಂದು ಇನ್ನೂ ಹಸಿಯಾಗಿದ್ದವು. ಬಾಗಿಲ ಮುಂದೆ ರಂಗೋಲಿಯ ನಾಲ್ಕೆಳೆ. ಶಿವಲಿಂಗವ್ವ ಮೊಣಕೈವರೆಗೆ ಸೆಗಣಿ ಮಾಡಿಕೊಂಡು ಬೇವಿನ ನೆರಳಲ್ಲಿ ಕೂತಿದ್ದಳು.

“ಮೂರು ದಿನ ಒಬ್ಬಾಕೀನ ಬಡದಾಡಿದಿ,” ಎಂದಳು. “ನೀ ಬರೂದ್ರಾಗ ಸಾರಿಸಿ ಇಡೋಣು ಅಂತ. ಹುಣ್ಣಿಮಿ ದಿನ ಬೋಳ ನೆಲ ಇರಬಾರದಲಾ.”

ರೇಣವ್ವ ಡಬ್ಬಿ ಇಳಿಸಿದಳು. ಸಿಟ್ಟು ಬರಬೇಕಿತ್ತು. ಬರಲು ಮೈಯಲ್ಲಿ ಕಸುವು ಇರಲಿಲ್ಲ.

“ಯಕ್ಕಾ. ಸೆಗಣಿ ಹಾಕಬಾರದಿತ್ತು.”

“ಸೆಗಣಿಗೇನು ದಾಡಿ? ದೇವರ ಖೋಲಿ ಸಾರಿಸಂಗಿಲ್ಲೇನು? ಮತ್ತ ನಿನ್ನ ಔಷಧಾನೂ ಅದರಾಗ ಕಲಸೀನಿ. ಬಕೀಟಿನಾಗ ಉಳದಿತ್ತು, ಸುಮ್ಮನ ಯಾಕ ಕೆಡ್ತೈತಿ ಅಂತ.”

ಗಾಳಿಯಲ್ಲಿ ಸೆಗಣಿಯ ತಂಪಿನ ಕೆಳಗೆ ನಿನ್ನೆಯ ಕಟುವಾಸನೆ ಇತ್ತು.

“ಬಕೀಟಿಂದ ಯಾವುದರಾಗ ತಗೊಂಡಿ?”

“ಯಾವುದರಾಗ ಅಂದ್ರ? ಅಲ್ಲೇ ಇತ್ತಲಾ, ಗಡಗಿ ತಳಾ. ಅದರಾಗ ಮೊಗದು ಹಾಕ್ದೆ. ಮತ್ತ ತೊಳದು, ನೀರು ತುಂಬಿ ಅಲ್ಲೇ ಇಟ್ಟೀನಿ.”

ಒಡೆದ ಗಡಿಗೆಯ ಆ ತಳ ಚುಕ್ಕಿಯ ನೀರಿನ ಪಾತ್ರೆ. ದಿನಕ್ಕೊಮ್ಮೆ, ಮಧ್ಯಾಹ್ನದ ಹೊತ್ತಿಗೆ, ಅದು ಬುಟ್ಟಿಯಿಂದ ಇಳಿದು ಹಿಂದಿನ ಹೊಸ್ತಿಲಿಗೆ ಬಂದು ನಾಲ್ಕು ಕಾಳು ಹೆಕ್ಕಿ, ನೀರು ಕುಡಿದು ಮತ್ತೆ ಕಾವಿಗೆ ಹೋಗುತ್ತದೆ. ಮಣ್ಣಿನ ಪಾತ್ರೆ, ಏನು ಹಾಕಿದರೂ ಹೀರಿಕೊಳ್ಳುತ್ತದೆ.

ರೇಣವ್ವ ತಿರುಗಿದಳು. ಚುಕ್ಕಿ ಹೊಸ್ತಿಲಲ್ಲೇ ಇತ್ತು. ಕೊಕ್ಕನ್ನು ಪಾತ್ರೆಗೆ ಬಗ್ಗಿಸಿತ್ತು.

ಓಡಿದವಳು ಪಾತ್ರೆಯನ್ನು ಕಾಲಿನಿಂದ ಒದ್ದಳು. ಅದು ಕಲ್ಲಿಗೆ ಬಡಿದು ಚೂರಾಯಿತು. ಚುಕ್ಕಿ ಕಿರುಚಿ, ರೆಕ್ಕೆ ಬಡಿದು, ಗೋಡೆ ಹಾರಿ ಆಚೆಯ ಜಾಲಿ ಬೇಲಿಯೊಳಗೆ ಹೋಯಿತು.

“ಕುಡೀತೇನು?” ಶಿವಲಿಂಗವ್ವನ ದನಿ ಸಣ್ಣಗಾಗಿತ್ತು.

“ಗೊತ್ತಿಲ್ಲ. ಕೊಕ್ಕ ಮ್ಯಾಲೆ ಎತ್ತಿದ್ದು ನಾ ನೋಡ್ಲಿಲ್ಲ.”

ಮೊಟ್ಟೆಗಳು ಬಯಲಾಗಿದ್ದವು. ರೇಣವ್ವ ಬಿಸಿಲಿಗೆ ಹಾಕಿದ್ದ ಕಂಬಳಿಯನ್ನು ಎತ್ತಿಕೊಂಡು ಒಳಗೆ ಹೋಗಿ, ಬುಟ್ಟಿಯ ಮೇಲೆ ಹೊದಿಸಿ, ಬುಟ್ಟಿಯನ್ನೇ ತೊಡೆಯ ಮೇಲಿಟ್ಟುಕೊಂಡು ಕೂತಳು. ಹದಿನೆಂಟು ದಿನದ ಮೊಟ್ಟೆಗಳು. ಒಳಗೆ ಕೊಕ್ಕು, ಉಗುರು, ಪುಕ್ಕ ಎಲ್ಲ ಆಗಿರುತ್ತವೆ. ತಣ್ಣಗಾಗಲು ಬಿಡಬಾರದು. ಹೊರಗೆ ಶಿವಲಿಂಗವ್ವ ಕೈ ತಿಕ್ಕಿ ತೊಳೆದುಕೊಂಡು, ಅಂಗೈಯಲ್ಲಿ ಜೋಳ ಹಿಡಿದು, ಅರವತ್ತೈದರ ಮೊಣಕಾಲು ಮಡಿಸಿ ಬೇಲಿಯ ಬುಡದಲ್ಲಿ ಕುಕ್ಕರಿಸಿದ್ದಳು.

“ಬಾ ನನ್ನವ್ವಾ. ನಾ ಮಾಡಿದ್ದು ತಪ್ಪು ಬಾ. ನಿನ್ನ ಯಜಮಾನ್ತಿ ಮಾತು ಬಿಟ್ಟು ಸುಮ್ಮನ ಕುಂತಾಳ, ಬೈದಿದ್ರರ ಛಲೋ ಇತ್ತು. ಬಾ.”

ಒಳಗೆ ರೇಣವ್ವನಿಗೆ ಎಲ್ಲ ಕೇಳಿಸುತ್ತಿತ್ತು. ಬೈಯಬೇಕೆಂದರೆ ಯಾರನ್ನು? ಸೆಗಣಿ ಅಕ್ಕನದು. ಚೆಲ್ಲದೆ ಉಳಿಸಿದ ಬಕೆಟ್ಟು ತನ್ನದು. ಸುರೇಖಾ ಹೇಳಿದ್ದು ಇಬ್ಬರಿಗೂ ಕೇಳಿಸಿತ್ತು. ಬಾಟಲಿಗೆ ಕೀಲಿ ಹಾಕಿದವಳು ತಾನೇ, ಕಲಸಿದ್ದನ್ನು ಬಯಲಲ್ಲಿ ಬಿಟ್ಟವಳೂ ತಾನೇ.

ಬಿಸಿಲು ಒಂದು ಮೊಳ ಸರಿಯುವ ಹೊತ್ತಿಗೆ ಚುಕ್ಕಿ ಬೇಲಿಯಿಂದ ಹೊರಬಂತು. ಶಿವಲಿಂಗವ್ವ ಅದನ್ನು ಹಿಡಿಯಲು ಹೋಗಲಿಲ್ಲ. ಕಾಳು ಚೆಲ್ಲುತ್ತ ಹಿಂದೆ ಹಿಂದೆ ಸರಿದು ಹೊಸ್ತಿಲವರೆಗೆ ಕರೆತಂದಳು. ಅದು ಒಳಗೆ ಬಂದು, ಕಂಬಳಿ ಎತ್ತಿದ ರೇಣವ್ವನ ಕೈಯನ್ನೊಮ್ಮೆ ಕುಕ್ಕಿ, ಮೊಟ್ಟೆಗಳ ಮೇಲೆ ಮೈ ಹರವಿ ಕೂತಿತು. ಹೊಸ ಸ್ಟೀಲ್ ಬಟ್ಟಲಿನಲ್ಲಿ ಇಟ್ಟ ನೀರನ್ನು ಕುಡಿಯಿತು. ರೇಣವ್ವ ಫೋನು ಮಾಡಿದಾಗ ಸುರೇಖಾ, ಬಾಯಿಂದ ನೊರೆ ಬಂದರೆ, ತಲೆ ಜೋಲು ಬಿದ್ದರೆ ಕೂಡಲೇ ತಿಳಿಸಲು ಹೇಳಿದಳು. ಗೂಡು ಮಾತ್ರ ಮೊದಲಿನಿಂದ ಆಗಬೇಕು ಎಂದಳು: ಸೆಗಣಿ ಪೂರ್ತಿ ತೆಗೆದು, ತಿಕ್ಕಿ, ತೊಳೆದು, ಒಣಗಿಸಿ, ಮತ್ತೆ ಔಷಧ.

“ಮೊದಲಿಂದ,” ಎಂದು ರೇಣವ್ವ ಫೋನಿಟ್ಟಳು.

ಶಿವಲಿಂಗವ್ವ ಕಳೆ ಕೆರೆಯುವ ಕುರ್ಚಿಗಿ ತೆಗೆದುಕೊಂಡು ಗೂಡಿನೊಳಗೆ ಬಾಗಿದಳು. ಆ ಹುಣ್ಣಿಮೆಗೆ ಹೋಳಿಗೆಯಾಗಲಿಲ್ಲ. ಹಿಟ್ಟಿನ ಡಬ್ಬಿ ಇಳಿಸಿದಲ್ಲೇ ಇತ್ತು.

ಆಮೇಲಿನ ದಿನಗಳಲ್ಲೂ ಶಿವಲಿಂಗವ್ವನೇ ಕೆರೆದಳು. ರೇಣವ್ವ ಬುಟ್ಟಿಯ ಹತ್ತಿರವೇ ಇದ್ದಳು. ಚುಕ್ಕಿ ಕಣ್ಣು ಮುಚ್ಚಿದಾಗಲೆಲ್ಲ ಬಗ್ಗಿ ನೋಡುತ್ತಿದ್ದಳು. ಹೇಂಟೆ ತಲೆ ಜೋಲು ಬಿಡಲಿಲ್ಲ. ಕಾಳು ತಿಂದಿತು, ಬೈಯಿತು, ಮೊಟ್ಟೆಗಳನ್ನು ಕೊಕ್ಕಿನಿಂದ ತಿರುವಿತು.

ಇಪ್ಪತ್ತೊಂದನೆಯ ದಿನ ಸಂಜೆ ರೇಣವ್ವನಿಗೆ ಗೋಡೆಗೊರಗಿ ಕೂತಲ್ಲೇ ಜೋಂಪು ಹತ್ತಿತ್ತು. ಚುಕ್ಕಿ ಗಂಟಲೊಳಗೆ ಏನೋ ಮಾತಾಡುತ್ತಿತ್ತು. ಅದರ ಕೆಳಗಿನಿಂದ, ಚಿಪ್ಪಿನ ಒಳಗಿಂದ, ಉತ್ತರದಂತೆ ಒಂದು ಸಣ್ಣ ದನಿ. ಸ್ವಲ್ಪ ತಡೆದು ಇನ್ನೊಂದು. ರೇಣವ್ವ ಕಣ್ಣು ತೆರೆಯದೆ ಕೇಳಿದಳು. 

ಹಿತ್ತಲಲ್ಲಿ ಕುರ್ಚಿಗಿ ಕಲ್ಲನ್ನು ಕೆರೆಯುವ ಸದ್ದು ನಡೆದೇ ಇತ್ತು.

“ಯಕ್ಕಾ,” ಎಂದು ಕೂತಲ್ಲಿಂದಲೇ ಕರೆದಳು. “ಸಾಕು ಬಿಡು ಇವತ್ತಿಗೆ. ಕೈ ತೊಳ್ಕೊಂಡು ಒಳಗ ಬಾ.”