ಮೌಲಾಬಿ ಮಾತು ಬಿಟ್ಟದ್ದು ಯಾಕ

ಹೆಡ್ ಮೇಡಂ ಮಲ್ಲೇಶ್ವರಿಯ ಟೇಬಲ್ಲಿನ ಮೇಲೆ ಬಿಸ್ಕೀಟಿನ ಒಂದು ಹಳೆ ಡಬ್ಬಿ ಇತ್ತು. ಮುಚ್ಚಳಕ್ಕೆ ಚೀಟಿ ಹೋಗುವಷ್ಟು ಸೀಳು. ವಾರವೆಲ್ಲ ಹುಡುಗರು ಅದರೊಳಗೆ ತಮಗೆ ತಿಳಿದಂಗೆ ಪ್ರಶ್ನೆ ಬರೆದು ಹಾಕೋರು. ಹೆಸರು ಬರೀಬೇಕಂತ ಇಲ್ಲ, ಇಂಥದ್ದು ಕೇಳಬಾರದು ಅಂತಲೂ ಇಲ್ಲ. ಶನಿವಾರ ಮುಂಜಾನೆ ಪ್ರಾರ್ಥನೆ ಮುಗಿದ ಮೇಲೆ ಮಲ್ಲೇಶ್ವರಿ ಎಲ್ಲರ ಮುಂದೆ ಚೀಟಿ ಓದಿ ಉತ್ತರ ಹೇಳಬೇಕು. ಹಲ್ಲಿಯ ಬಾಲ ಕಡಿದು ಬಿದ್ದರೂ ಯಾಕೆ ಕುಣಿತದೆ, ಕಾಲುವೆ ಬತ್ತಿದಾಗ ಮೀನು ಎಲ್ಲಿಗೆ ಹೋಗ್ತಾವೆ, ಗಣಿತದ ಸರ್ ಯಾಕೆ ನಗೋದಿಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕು, ಮುಂದಿನ ಶನಿವಾರದೊಳಗೆ ತಿಳಿದು ಬಂದು ಹೇಳಬೇಕು. ಸುಳ್ಳು ಮಾತ್ರ ಹೇಳುವಂತಿಲ್ಲ. ಈ ಕಾನೂನು ಮಾಡಿದವಳೂ ಆಕೆಯೇ.

ಆ ಶನಿವಾರ ಕೈಗೆ ಬಂದ ಮೂರನೇ ಚೀಟಿ ನೋಟ್‌ಬುಕ್ಕಿನ ಮೂಲೆ ಹರಿದದ್ದು. ರೂಢಿಯಂತೆ ಗಟ್ಟಿಯಾಗಿ ಓದಿದಳು: "ಮೇಡಂ, ಗೆಳತಿ ಮಾತು ಬಿಟ್ಟರ ಏನ್ ಮಾಡಬೇಕ್ರಿ? ನಿಮ್ಮ ಜೋಡಿ ಯಾರರ ಹಂಗ ಮಾತು ಬಿಟ್ಟಾರೇನ್ರಿ? ಯಾಕ ಬಿಟ್ರು?"

ಮೊದಲನೇದಕ್ಕೆ ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಹೋಗಿ ನೀವೇ ಮೊದಲು ಮಾತಾಡಿಸ್ರಿ ಅಂತ ಮೂವತ್ತು ವರ್ಷದಿಂದ ಹೇಳಿಕೊಂಡೇ ಬಂದಾಳೆ. ಆದರೆ ಎರಡನೇದು ಮೂರನೇದು ಆಕೆಯ ಬಗ್ಗೆಯೇ ಕೇಳಿದ್ದು. ಇನ್ನೂರು ಜೋಡಿ ಕಣ್ಣು ಆಕೆಯನ್ನೇ ನೋಡುತ್ತಿದ್ದವು. ಒಬ್ಬಾಕಿ ಮಾತು ಬಿಟ್ಟಾಳ, ಯಾಕಂತ ನನಗ ಗೊತ್ತಿಲ್ಲ, ತಿಳಕೊಂಡು ಬಂದು ಹೇಳತೀನಿ ಅಂದಳು. ಹುಡುಗಿಯರ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು, ನಗು ಸಾಲೆಲ್ಲ ಹಬ್ಬಿತು. ಮೀನಿನ ಸಂಗತಿ ಗೊತ್ತಿಲ್ಲದಿದ್ದರೆ ಇರಲಿ, ಸ್ವಂತ ಗೆಳತಿಯ ಸಂಗತಿ ಗೊತ್ತಿಲ್ಲ ಅಂದರೆ ಹೆಂಗೆ?

ಏಳನೇ ತರಗತಿಯ ಗುಲ್ನಾಜ್ ಒಬ್ಬಳೇ ನಗದೆ ಕಾಲಿನ ಹೆಬ್ಬೆರಳಿಂದ ಮಣ್ಣು ಗೀರುತ್ತಾ ನಿಂತಿದ್ದಳು. ಮಲ್ಲೇಶ್ವರಿ ನೋಡಿಯೂ ನೋಡದಂಗೆ ಇದ್ದಳು. ಚೀಟಿ ಯಾರದು ಅಂತ ಹುಡುಕಬಾರದು, ಅದೂ ಕಾನೂನೇ.

ಮಾತು ಬಿಟ್ಟಾಕಿ ರಂಗಂಪೇಟೆಯ ಮೌಲಾಬಿ. ಮಲ್ಲೇಶ್ವರಿ ಹುಟ್ಟಿ ಬೆಳೆದದ್ದೂ ಅಲ್ಲೇ. ಇವರ ಓಣಿಗೂ ಹತ್ತಿ ಹಿಂಜುವವರ ಓಣಿಗೂ ನಡುವೆ ಒಂದೇ ಗೋಡೆ. ಒಂದನೇ ತರಗತಿಯಿಂದ ನಾಲ್ಕನೇದರ ತನಕ ಇಬ್ಬರೂ ಒಂದೇ ಗೋಣಿತಟ್ಟಿನ ಮೇಲೆ ಕೂತವರು. ನಾಲ್ಕು ಮುಗಿದ ಮೇಲೆ ಮೌಲಾಬಿಯ ಅಪ್ಪ ಆಕೆಯನ್ನು ಶಾಲೆ ಬಿಡಿಸಿ ಗಾದಿ ಹೊಲಿಯಲಿಕ್ಕೆ ಹಚ್ಚಿದ. ಆದರೂ ಗೆಳೆತನ ಹರಿಯಲಿಲ್ಲ. ಮೊಹರಮ್ಮಿನ ಅಲಾಯಿ ಹಬ್ಬಕ್ಕೆ ಅತ್ತಲಿಂದ ಬೆಲ್ಲದ ಚೊಂಗೆ ಬರೋವು, ಪಂಚಮಿಗೆ ಇತ್ತಲಿಂದ ಉಂಡಿ ಹೋಗೋವು. ಮಲ್ಲೇಶ್ವರಿ ಮಾಸ್ತರಿಕೆಯ ತರಬೇತಿಗೆ ಹೊರಟಾಗ ಮೌಲಾಬಿ ಎರಡು ದಿನ ಕೂತು ಆಕೆಗಂತ ಒಂದು ಸಣ್ಣ ಗಾದಿ ಹೊಲಿದುಕೊಟ್ಟಿದ್ದಳು.

ಆಮೇಲೆ ನೌಕರಿ, ಮದುವೆ, ಮಕ್ಕಳು. ಒಂದು ದಿನ ಸುರಪುರದ ಬಜಾರದಲ್ಲಿ ಮಲ್ಲೇಶ್ವರಿ ಕರೆದರೆ ಮೌಲಾಬಿ ಕೇಳದವಳಂತೆ ಸೆರಗು ಎಳೆದುಕೊಂಡು ಹೋಗಿಬಿಟ್ಟಳು. ಅಂದಿನಿಂದ ಹಂಗೇ. ಲೆಕ್ಕ ಹಾಕಿದರೆ ಇಪ್ಪತ್ತೇಳು ವರ್ಷ. ತಾನು ಆಕೆಯ ತಂಗಿಯ ಮದುವೆಗೆ ಹೋಗಲಿಲ್ಲ ಅಂತಲೋ, ಆಕೆಯ ಮಾವ ತೀರಿದಾಗ ನಾಲ್ಕು ದಿನ ತಡವಾಗಿ ಹೋದೆ ಅಂತಲೋ, ಯಾರೋ ಚಾಡಿ ಹೇಳಿರಬೇಕು ಅಂತಲೋ, ಮಲ್ಲೇಶ್ವರಿ ತನಗೆ ತಾನೇ ಒಂದೊಂದು ಕಾರಣ ಹೇಳಿಕೊಂಡಿದ್ದಳು. ಹೋಗಿ ಕೇಳಿದ್ದಿಲ್ಲ. ಮೊದಮೊದಲು, ಸಿಟ್ಟು ಇದ್ದರೆ ಇರಲಿ, ತಾನೇ ಬರಲಿ ಅಂತ ಬಿಗುಮಾನ. ಬರಬರುತ್ತಾ ಈಗ ಏನಂತ ಹೋಗೋದು ಅನ್ನೋ ನಾಚಿಕೆ.

ಶಹಾಪುರದ ಮನೆಗೆ ಬಂದವಳೇ ತಾಯಿ ಸುಂದ್ರಮ್ಮನ ಮುಂದೆ ಕೂತು ಚೀಟಿಯ ಸಂಗತಿ ಹೇಳಿದಳು. ಸುಂದ್ರಮ್ಮನಿಗೆ ಎಂಬತ್ತು ದಾಟಿದ್ದರೂ ಕಿವಿ ಚುರುಕು. ತನ್ನ ತಮ್ಮನ ಮನೆಗಂತ ವರ್ಷಕ್ಕೆ ಮೂರು ನಾಲ್ಕು ಸಲ ರಂಗಂಪೇಟೆಗೆ ಹೋಗಿಬರುವಾಕೆ. ಹೋದಾಗೆಲ್ಲ ಮೌಲಾಬಿಯ ಕಟ್ಟೆಯ ಮೇಲೆ ಕೂತು ಎಲೆ ಅಡಕೆ ಹಾಕಿಕೊಂಡು ಬರುತ್ತಾಳೆ ಅನ್ನೋದು ಮಗಳಿಗೆ ಗೊತ್ತಾದದ್ದೇ ಆವತ್ತು. ತೊಗರಿಬೇಳೆ ಆರಿಸುತ್ತಿದ್ದ ಕೈ ನಿಲ್ಲಿಸದೆ ಸುಂದ್ರಮ್ಮ, ಯಾಕ ಮಾತು ಬಿಟ್ಟಾಳಂತ ನನಗ ಗೊತ್ತದ ಅಂದಳು.

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ ಯವ್ವ?"

"ನೀ ಕೇಳಲಿಲ್ಲಲ. ಆಕಿ ನನಗ ಹೇಳ್ಯಾಳ, ನಿನಗ ಹೇಳಂದಿಲ್ಲ. ಹೋಗಿ ನೀನೇ ಕೇಳು."

ಬರಿಗೈಲಿ ಹೆಂಗ ಹೋಗಲಿ, ಶಹಾಪುರದಿಂದ ಸಿಹಿ ಏನಾದರೂ ಒಯ್ಯಲೇನು ಅಂತ ಮಲ್ಲೇಶ್ವರಿ ಕೇಳಿದಳು. ಏನೂ ಒಯ್ಯಬ್ಯಾಡ, ಒಯ್ದರ ಲಂಚ ಆಗ್ತದ ಅಂತ ಹೇಳಿ ಸುಂದ್ರಮ್ಮ ಮೊರ ಕೊಡವಿದಳು.

ಮರುದಿನ ರವಿವಾರ. ಸುರಪುರದ ಬಸ್ಸಿನಲ್ಲಿ ಕಿಟಕಿಯ ಕಡೆ ಸೀಟು ಸಿಕ್ಕಿತು. ಊರಿನ ಗುಡ್ಡಗಳ ಸಾಲಿನಲ್ಲಿ ಮೂಡಿದ ಬುದ್ಧ ಎಂದಿನಂತೆ ಆಕಾಶ ನೋಡುತ್ತಾ ಅಂಗಾತ ಮಲಗಿದ್ದ. ಕಾಲುವೆಯ ನೀರು ಕುಡಿದ ಭತ್ತದ ಗದ್ದೆ, ಅದು ಮುಗಿದ ಮೇಲೆ ಹತ್ತಿ ಹೊಲ. ಮಲ್ಲೇಶ್ವರಿಗೆ ತನ್ನ ಮೇಲೆಯೇ ಒಂದು ಥರದ ಕುತೂಹಲ ಹುಟ್ಟಿತ್ತು. ಯಾವ ಹುಡುಗ ಮೂರು ದಿನ ಶಾಲೆ ತಪ್ಪಿಸಿದರೂ ಅವನ ಮನೆ ಹುಡುಕಿಕೊಂಡು ಹೋಗಿ, ಯಾಕ ಬರಲಿಲ್ಲಪ್ಪ ಅಂತ ಕೇಳುವವಳು ತಾನು. ಗೋಗಿ ಊರಿನ ತನಕ ಟಂಟಂ ಆಟೋದಲ್ಲಿ ಹೋಗಿ, ಹೊಲದ ಬದುವಿನ ಮೇಲೆ ಕೂತು, ತಾಯಿತಂದೆಯರ ಕೈಕಾಲು ಹಿಡಿದು ಹುಡುಗಿಯರನ್ನು ಕರೆತಂದವಳು. ಮೇಡಂ ಬಂದ್ರು ಅಂದರೆ ಹಟ್ಟಿಯ ನಾಯಿ ಸಹ ಬೊಗಳೋದಿಲ್ಲ ಅಂತ ಜನ ಚೇಷ್ಟೆ ಮಾಡೋರು. ಅಂಥಾಕಿ, ಇಪ್ಪತ್ತೇಳು ವರ್ಷ ತಪ್ಪಿಸಿಕೊಂಡ ಒಬ್ಬಳ ಮನೆಗೆ ಮಾತ್ರ ಯಾಕೆ ಹೋಗಲಿಲ್ಲ? ಶಾಲೆಯ ಕೆಲಸಕ್ಕೆ ಕೇಳೋದು ಬೇರೆ, ತನಗಾಗಿ ಕೇಳೋದು ಬೇರೆ ಇರಬೇಕು. ತನಗಾಗಿ ಕೇಳಿದರೆ ಉತ್ತರ ತನಗೇ ಬಡಿತದೆ.

ಮೌಲಾಬಿ ಪಡಸಾಲೆಯಲ್ಲಿ ಗಾದಿ ಹೊಲಿಯುತ್ತಾ ಕೂತಿದ್ದಳು. ಹತ್ತಿ ಹಿಂಜೋದು ಈಗ ಮಶೀನಿನ ಕೆಲಸ, ಹೊಲಿಗೆ ಮಾತ್ರ ಇನ್ನೂ ಆಕೆಯ ಕೈಯದು. ಕಾಲಿಲ್ಲದ ಚಸ್ಮಾವನ್ನು ದಾರದಿಂದ ಕಿವಿಗೆ ಕಟ್ಟಿಕೊಂಡಿದ್ದಳು. ಹುಬ್ಬಿನ ಮೇಲೂ ಹತ್ತಿಯ ಎಳೆ. ತಲೆ ಎತ್ತಿ ನೋಡಿದಳು. ಬಂದೀದಿ ಅಂದಮ್ಯಾಲ ಅರಿವಿ ಬಿಗಿಯಾಗಿ ಹಿಡಿ ಅಂದಳು, ನಿನ್ನೆ ಹೋದವಳು ಇವತ್ತು ಬಂದಂಗೆ. ಮಲ್ಲೇಶ್ವರಿ ಎದುರಿಗೆ ಕೂತು ಗಾದಿಯ ಬಾಯಿ ಹಿಡಿದಳು.

ಗೋಡೆಗುಂಟ ಸುತ್ತಿ ಕಟ್ಟಿದ ಗಾದಿಗಳು ನಿಂತಿದ್ದವು. ಯಾರದು ಯಾವುದು ಅಂತ ತಿಳಿಯಲಿಕ್ಕೆ ಒಂದೊಂದರ ಮೇಲೂ ಸುಣ್ಣದ ಖಡುವಿನಿಂದ ಬರೆದ ಹೆಸರು. ಪರಮಣ್ಣ, ಲಗ್ನದ ಜೋಡಿ ಗಾದಿ. ಗೊಲ್ಲಾಳಮ್ಮ, ಕೆಂಭಾವಿ. ದುಂಡಗೆ, ಒಂದಕ್ಕೊಂದು ತಾಗದಂಗೆ ಕೂರಿಸಿದ ಅಕ್ಷರ. ಆ ಕೈ ಮಲ್ಲೇಶ್ವರಿಗೆ ಗುರುತು ಸಿಕ್ಕಿತು. ನಾಲ್ಕನೇ ತರಗತಿಯಲ್ಲಿ ಮಾಸ್ತರರು ಇದೇ ಕೈಬರಹವನ್ನು ಎತ್ತಿ ಹಿಡಿದು, ನೋಡ್ರಿ, ಹಿಂಗ ಬರೀರಿ ಅನ್ನೋರು.

ಸುತ್ತುಬಳಸಿ ಮಾತು ತೆಗೆಯಲಿಕ್ಕೆ ಆಗಲಿಲ್ಲ. ನೀ ನನ್ನ ಜೋಡಿ ಮಾತು ಬಿಟ್ಟದ್ದು ಯಾಕ, ಕೇಳಲಿಕ್ಕೇ ಬಂದೀನಿ ಅಂದಳು.

ದಬ್ಬಣ ನಿಲ್ಲಲಿಲ್ಲ. ಹೊಲಿಯುತ್ತಲೇ ಮೌಲಾಬಿ ಹೇಳಿದಳು. ಮಗಳು ತರನ್ನುಮಳನ್ನು ಒಂದನೇ ತರಗತಿಗೆ ಹಚ್ಚಲಿಕ್ಕೆ ಕರೆದುಕೊಂಡು ಹೋದ ದಿನದ ಮಾತು ಅದು. ಮಲ್ಲೇಶ್ವರಿ ಆಗ ರಂಗಂಪೇಟೆಯ ಶಾಲೆಯಲ್ಲೇ ಟೀಚರ್. ದಾರಿಯುದ್ದಕ್ಕೂ ಮೌಲಾಬಿ ಮಗಳಿಗೆ ಹೇಳಿದ್ದೇ ಹೇಳಿದ್ದು: ಟೀಚರು ನಾನು ಕೂಡಿ ಓದಿದವರು, ನನ್ನ ಕಂಡರ ಎದ್ದು ಬರ್ತಾಳ ನೋಡು. ಶಾಲೆಯಲ್ಲಿ ಜನ ಸಾಲು ಹಚ್ಚಿ ನಿಂತಿದ್ದರು. ಪಾಳಿ ಬಂತು. ಟೀಚರು ತಲೆ ಎತ್ತಲಿಲ್ಲ. ಹುಡುಗಿಯ ಹೆಸರು ಬರೆದುಕೊಂಡಳು, ಅರ್ಜಿ ತಿರುಗಿಸಿದಳು, ಮಸಿಯ ಡಬ್ಬಿ ಮುಂದಕ್ಕೆ ನೂಕಿದಳು.

"ಬೆರಳು ಕೊಡ್ರಿ ಅಂದಿ. ನನಗ. ನನಗ ಬರೀಲಿಕ್ಕ ಬರ್ತದಂತ ಮಂದಿಗೆ ಗೊತ್ತಿದ್ದಿಲ್ಲ, ನಿನಗ ಗೊತ್ತಿತ್ತಲ್ಲ ಮಲ್ಲಿ?"

ಮಲ್ಲೇಶ್ವರಿಯ ಕೈಯಿಂದ ಅರಿವೆ ಜಾರಿತು. ನೆನಪು ಮಾಡಿಕೊಳ್ಳಲಿಕ್ಕೆ ನೋಡಿದಳು. ಸಾಲು ನೆನಪಾಯಿತು, ಸೆಕೆ ನೆನಪಾಯಿತು. ಆ ದಿನಗಳಲ್ಲಿ ನಲವತ್ತು ಮಂದಿ ಬಂದರೆ ಸಹಿ ಮಾಡುವವರು ಇಬ್ಬರು ಇದ್ದರೆ ಹೆಚ್ಚು. ಕೇಳೋದು ಬಿಟ್ಟು, ಕೈ ತನ್ನಷ್ಟಕ್ಕೆ ತಾನೇ ಡಬ್ಬಿ ನೂಕುತ್ತಿತ್ತು. ಆ ನಲವತ್ತರೊಳಗೆ ಮೌಲಾಬಿಯ ಮುಖ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ. ನೋಡಿದ್ದರಲ್ಲವೇ ಸಿಗೋದು.

ಪೆನ್ನು ಕೊಡು ಅಂತ ಯಾಕೆ ಅನ್ನಲಿಲ್ಲ ಅಂತ ಕೇಳಿದಳು.

"ಅಂದಿದ್ರ ನೀ ತಪ್ಪಾತು ಅಂತಿದ್ದಿ. ಆಮ್ಯಾಲ ನಾ ಯಾರ ಮ್ಯಾಲ ಸಿಟ್ಟು ಮಾಡಲಿ?" ಮೌಲಾಬಿ ದಾರ ಕಡಿದಳು. ಹೊರಗೆ ಬಂದ ಮೇಲೆ ಮಗಳು ಅಮ್ಮನ ಮಸಿ ಹತ್ತಿದ ಹೆಬ್ಬೆರಳು ನೋಡಿ, ಅಮ್ಮಾ, ನಿನಗ ಬರೀಲಿಕ್ಕ ಬರಲ್ಲೇನು ಅಂದಿತಂತೆ. ಕೂಡಿ ಓದಿದ್ದು ಸುಳ್ಳೇನು ಅಂದಿತಂತೆ. ಅದಕ್ಕೆ ಆಕೆ ಏನೂ ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಮಲ್ಲೇಶ್ವರಿ ಜಾರಿದ ಅರಿವೆ ಎತ್ತಿ ಗಾದಿಯ ಮೇಲಿಟ್ಟಳು. ಆಮೇಲೆ ತರನ್ನುಮಳಿಗೆ ಫೋನ್ ಹಚ್ಚು ಅಂದಳು. ಮೌಲಾಬಿ ಬ್ಯಾಡ ಬ್ಯಾಡ ಅಂದಳು, ಆದರೂ ಹಚ್ಚಿ, ಸ್ಪೀಕರ್ ಹಾಕಿ ಕೊಟ್ಟಳು. ತರನ್ನುಮ ಈಗ ಯಾದಗಿರಿಯಲ್ಲಿ ನರ್ಸ್. ಮಲ್ಲೇಶ್ವರಿ ತನ್ನ ಹೆಸರು ಹೇಳಿ, ಶಾಲೆಗೆ ಹಚ್ಚಿದ ಆ ದಿನದ ಸಂಗತಿ ತೆಗೆದಳು. ನಿಮ್ಮಮ್ಮ ಸುಳ್ಳು ಹೇಳಿದ್ದಿಲ್ಲ, ನಾವಿಬ್ಬರೂ ಒಂದೇ ತಟ್ಟಿನ ಮ್ಯಾಲ ಕುಂತವರು, ಆಕಿ ಪಾಟಿಯೊಳಗಿನ ಅಕ್ಷರ ನೋಡಿ ನಾನು ಬರೀತಿದ್ದೆ, ಅವತ್ತು ತಲಿ ಎತ್ತದೆ ಆಕಿ ಕಡಿಂದ ಹೆಬ್ಬಟ್ಟು ಒತ್ತಿಸಿದ್ದು ನನ್ನ ತಪ್ಪು ಅಂತ ಒಂದೇ ಉಸಿರಿಗೆ ಹೇಳಿದಳು.

ಅತ್ತ ಕಡೆಯಿಂದ ತರನ್ನುಮ, ಯಾವ ಹೆಬ್ಬಟ್ಟುರಿ ಮೇಡಂ ಅಂದಳು. ಆಕೆಗೆ ಅದು ಯಾವುದೂ ನೆನಪಿದ್ದಿಲ್ಲ. ನೆನಪಿದ್ದದ್ದು ಅಂಗಳದ ಬೇವಿನ ಗಿಡ ಒಂದೇ, ಅದರ ಬುಡದಲ್ಲಿ ಕೆಂಪಿರುವೆ ಕಚ್ಚಿದ್ದು. ಅಮ್ಮ ಗಾದಿ ಮ್ಯಾಲ ಹೆಸರು ಬರಿಯೋದು ನೋಡೇ ನಾನು ಅಕ್ಷರ ಕಲತೀನ್ರಿ, ಬರಲ್ಲಂತ ಯಾಕ ಅಂತೀನಿ ಅಂತ ನಕ್ಕಳು. ಡ್ಯೂಟಿಗೆ ಹೊತ್ತಾತು ಅಂತ ಫೋನ್ ಇಟ್ಟಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮಲ್ಲೇಶ್ವರಿಗೆ ನಗು ತುಟಿಯ ತನಕ ಬಂದಿತ್ತು. ಮೌಲಾಬಿಯ ಮುಖ ನೋಡಿ ನುಂಗಿಕೊಂಡಳು.

"ಆಕಿಗೆ ನೆನಪಿಲ್ಲಂದ್ರ ಆಗೇ ಇಲ್ಲಂತೇನು?"

"ಆಗೇದ," ಅಂದಳು ಮಲ್ಲೇಶ್ವರಿ. "ನನಗೂ ನೆನಪಿಲ್ಲ. ಆದ್ರ ಆಗೇದ. ನಾನೇ ಮಾಡೀನಿ."

ಮೌಲಾಬಿ ಚಸ್ಮಾ ಬಿಚ್ಚಿ ಸೆರಗಿನಿಂದ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಒಳಗೆ ಹೋಗಿ ಎರಡು ಕಪ್ಪು ಚಹಾ ತಂದಳು. ಚಹಾ ಕುಡಿಯುತ್ತಾ ಈಗ್ಯಾಕ ಬಂದಿ, ಇಷ್ಟು ವರ್ಷ ಬಿಟ್ಟು ಅಂತ ಕೇಳಿದಳು. ಮಲ್ಲೇಶ್ವರಿ ಚೀಟಿಯ ಸಂಗತಿ ಹೇಳಿದಳು. ಬಿಸ್ಕೀಟಿನ ಡಬ್ಬಿಗೆ ಅಂಜಿ ಬಂದೀದಿ ಅನ್ನು ಹಂಗಾರ ಅಂತ ಮೌಲಾಬಿ ಚುಚ್ಚಿದಳು. ಹೌದು, ಅಂಜೇ ಬಂದೀನಿ ಅಂತ ಮಲ್ಲೇಶ್ವರಿ ಒಪ್ಪಿಕೊಂಡಳು. ಮತ್ತ ಶನಿವಾರ ಏನಂತ ಹೇಳ್ತಿ ಅಂತ ಮೌಲಾಬಿ ಕೇಳಿದಳು. ನಾ ಮಾಡಿದ್ದು ಹೇಳ್ತೀನಿ, ನಿನ್ನ ಹೆಸರು ತರೋದಿಲ್ಲ ಬಿಡು ಅಂದಳು ಮಲ್ಲೇಶ್ವರಿ.

ಮೌಲಾಬಿ ಕಪ್ಪು ಕೆಳಗಿಟ್ಟಳು. "ಯಾಕ ತರೋದಿಲ್ಲ? ಹೆಸರು ಹೇಳು. ರಂಗಂಪೇಟಿ ಮೌಲಾಬಿ ಅನ್ನು. ಆಕಿ ಅಕ್ಷರ ನನಕಿಂತ ಚಂದ ಇದ್ದವು ಅಂತನೂ ಹೇಳು."

ಹೇಳತೀನಿ, ಆದರ ಲೆಕ್ಕದಾಗ ನಾನೇ ಮುಂದಿದ್ದೆ ಅಂದಳು ಮಲ್ಲೇಶ್ವರಿ.

"ಅದನ್ನ ಯಾರೂ ಕೇಳಿಲ್ಲ," ಅಂದು ಮೌಲಾಬಿ ಇನ್ನೊಂದು ದಬ್ಬಣಕ್ಕೆ ದಾರ ಪೋಣಿಸಿ ಆಕೆಯ ಕೈಗೆ ಕೊಟ್ಟಳು. ಗಾದಿಯ ಆ ತುದಿಯಿಂದ ಮಲ್ಲೇಶ್ವರಿ, ಈ ತುದಿಯಿಂದ ಮೌಲಾಬಿ. ಮಲ್ಲೇಶ್ವರಿಯ ಹೊಲಿಗೆ ಒಂದು ಗೇಣಿಗೊಂದು ಬಿದ್ದು ಹಾವು ಹರಿದಂಗೆ ಹೋಗುತ್ತಿತ್ತು. ನಾಲ್ಕು ಬಿದ್ದ ಮೇಲೆ ಮೌಲಾಬಿ ಸರಿದು ಬಂದು, ನಾಲ್ಕನ್ನೂ ಬಿಚ್ಚಿ, ಮತ್ತೆ ಮೊದಲಿಂದ ಹಾಕು ಅಂತ ದಬ್ಬಣ ಆಕೆಯ ಕೈಗೇ ತಿರುಗಿ ಕೊಟ್ಟಳು.